ಹೇಸಿಗೆಯೆಂಬ ಅಡ್ಡಗೋಡೆ

ವಿದ್ಯಾರ್ಜನೆಗೆ ಅಡ್ಡಿಯಾಗುವ ಸಂಗತಿಗಳನ್ನು ಎಣಿಸುವಾಗ ಬಡತನ, ಆಲಸ್ಯ, ಅನಾಸಕ್ತಿಗಳನ್ನು ನಾವು ಮೇಲಿಂದ ಮೇಲೆ ಹೆಸರಿಸುತ್ತೇವೆ. ಹೇಸಿಗೆಯನ್ನು ಮಾತ್ರ ಯಾರೂ ಹೆಸರಿಸುವುದಿಲ್ಲ. ಜೀರ್ಣಾಂಗಗಳ ಪಾಠವು ಬಾಯಿಯಿಂದ ಮೊದಲಾಗಿ ದೊಡ್ಡ ಕರುಳಿನವರೆಗೆ ಸರಾಗವಾಗಿ ಸಾಗಿ, ಅಲ್ಲಿಂದ ಮುಂದೆ ಮಕ್ಕಳ ಕಿಸಿನಗೆ ಹಾಗೂ ಗುರುಗಳ ಸಂಕೋಚಗಳ ನಡುವೆ ತಟ್ಟನೆ ಮುಗಿದುಬಿಡುತ್ತದೆ. ಆದರೆ ಮನುಷ್ಯನ ಕರುಳಿನಲ್ಲಿ ನೆಲೆಸಿರುವ ವೈರಾಣುಗಳ ಕುರಿತು ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಮಲಪರೀಕ್ಷೆಯಿಂದಲೇ ದೊರೆತದ್ದು.

ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದೆರೆಲ್ ಎಂಬ ವಿಜ್ಞಾನಿಯು ಆಮಶಂಕೆಯ ರೋಗಿಗಳ ಮಲವನ್ನು ಅತಿ ಸೂಕ್ಷ್ಮವಾದ ಸೋಸಕದಲ್ಲಿ ಸೋಸಿ, ರೋಗದ ಬ್ಯಾಕ್ಟೀರಿಯಾಗಳನ್ನೇ ನಾಶಗೊಳಿಸುವ ವೈರಾಣುವೊಂದು ಅದರಲ್ಲಿರುವುದನ್ನು 1917ರಲ್ಲಿ ಪ್ರಕಟಿಸಿದನು. ಅದಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟವನೂ ಅವನೇ. ಆರೋಗ್ಯವಂತರ ಕರುಳಿನ ವೈರಾಣುಗಳಲ್ಲಿ ಹೆಚ್ಚಿನವು ಈ ಬಗೆಯವು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೆಣಸಿನ ಗಿಡಕ್ಕೆ ರೋಗ ತರುವ ವೈರಾಣುವು ಮಾನವರ ಮಲದಲ್ಲಿ ಹೇರಳವಾಗಿ ಕಂಡುಬಂದಿತು. ಅದು ಊಟದೊಡನೆ ಒಳಹೊಕ್ಕು ಹೊರಬೀಳುವಂಥದು. ವೈರಾಣುವೆಂದರೆ ರೋಗವೆಂದೇ ಅರ್ಥವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಈ ಶೋಧನೆಗಳ ಫಲ ನಮ್ಮ ಮನೆಗಳಿಗೂ ಮುಟ್ಟಿದೆ. ಹಸುಗೂಸುಗಳಿಗೆ ವಾಂತಿಭೇದಿ ತರುವ ರೋಟಾವೈರಸ್ಸನ್ನು 1973ರಲ್ಲಿ ಮೆಲ್ಬೋರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಗುರುತಿಸಿದರು. ಮುಂದೆ ದಿಲ್ಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ, ಯಾವ ಬೇನೆಯೂ ಇಲ್ಲದ ನವಜಾತ ಶಿಶುಗಳ ಮಲದಲ್ಲಿ ಇದೇ ವೈರಾಣುವಿನ ಸೌಮ್ಯ ತಳಿಗಳು ದೊರೆತವು. ಇವೆರಡನ್ನೂ ಲಸಿಕೆಗಾಗಿ ಪರೀಕ್ಷಿಸಲಾಗಿ, ದಿಲ್ಲಿಯ ತಳಿಯೇ ಮೇಲೆಂದು ಕಂಡಿತು. ಅದರಿಂದಾದ ಲಸಿಕೆಯನ್ನು 6,799 ಶಿಶುಗಳ ಅಧ್ಯಯನದಲ್ಲಿ ಒರೆಗೆ ಹಚ್ಚಿದಾಗ, ಮೊದಲ ವರ್ಷದಲ್ಲಿ ತೀವ್ರವಾದ ರೋಟಾವೈರಸ್ ಭೇದಿಯು ಶೇಕಡ 56ರಷ್ಟು ಇಳಿಯಿತು. 2014ರಲ್ಲಿ ಪರವಾನಗಿ ಪಡೆದ ಈ ಲಸಿಕೆಯು 2016ರಿಂದ ಸರಕಾರದ ಲಸಿಕಾ ಕಾರ್ಯಕ್ರಮವನ್ನು ಸೇರಿತು.

ಪೋಲಿಯೋ ನಿರ್ಮೂಲನದ ಕಥೆಯೂ ಇದೇ ಬಗೆಯದು. ಕೈಕಾಲು ಸೋತ ಪ್ರತಿಯೊಂದು ಮಗುವಿನ ಮಲದ ಎರಡು ಮಾದರಿಗಳನ್ನು ತಂಪಿನ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸಿದ ಆರೋಗ್ಯ ಕಾರ್ಯಕರ್ತರಿಲ್ಲದಿದ್ದರೆ, 2014ರ ಮಾರ್ಚ್ 27ರಂದು ನಾವು ಪೋಲಿಯೋ ಮುಕ್ತರೆಂಬ ಪ್ರಮಾಣಪತ್ರವು ದೊರೆಯುತ್ತಿರಲಿಲ್ಲ. ಆ ಪೆಟ್ಟಿಗೆ ಹೊತ್ತವರಿಗೆ ಯಾರು ಹಾರ ಹಾಕಿದರು?

ಮಠದ ಶಾಲೆಯ ಸಂಚಿಕೆಯಲ್ಲಿ ಇಂಥ ಪ್ರಸ್ತಾಪ ತರವೇ ಎಂದು ಕೆಲವರು ಕೇಳಬಹುದು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಮಕ್ಕಳಿಗೆ ನಿತ್ಯವೂ ಬೋಧಿಸುವ ಸಂಸ್ಥೆಗೆ ಇದಕ್ಕಿಂತ ತಕ್ಕ ವಿಷಯ ಇನ್ನೊಂದಿಲ್ಲವೆಂದು ನನ್ನ ಭಾವನೆ. ಮಲವನ್ನು ಕಂಡು ಮೂಗು ಮುಚ್ಚುವುದು ಸಹಜ. ಅದನ್ನು ಪರೀಕ್ಷಿಸುವವರನ್ನೂ ಶುಚಿಗೊಳಿಸುವವರನ್ನೂ ಕಂಡು ಮುಖ ತಿರುಗಿಸುವುದು ಅವಿದ್ಯೆ. ನಾಚಿಕೆಯಿಂದ ಬೇನೆಯನ್ನು ಮುಚ್ಚಿಡುವ ಮಗು, ಮಾದರಿ ಕೊಡಲು ಹಿಂಜರಿಯುವ ತಾಯಿ, ಇವರಿಬ್ಬರೂ ನಮ್ಮ ಅಪೂರ್ಣ ಪಾಠದ ಫಲವೇ ಆಗಿದ್ದಾರೆ.

ಹಾಗೆಂದು ಅತಿಯಾದ ಭರವಸೆಯೂ ಸಲ್ಲದು. ಕರುಳಿನ ವೈರಾಣುಗಳಲ್ಲಿ ಬಹಳಷ್ಟರ ಗುಣಧರ್ಮ ಇನ್ನೂ ಅಜ್ಞಾತವಾಗಿರುವಾಗ, ಒಂದೇ ಪರೀಕ್ಷೆಯಿಂದ ಸಕಲ ರೋಗಗಳ ಮೂಲವನ್ನೂ ಹೇಳುವೆವೆಂಬ ವ್ಯಾಪಾರದ ಮಾತನ್ನು ನಂಬಲಾಗದು. ಮಾದರಿ ಕೊಟ್ಟವರ ಒಪ್ಪಿಗೆ ಮತ್ತು ಗೌಪ್ಯಗಳನ್ನು ಕಾಯುವುದೂ ವಿಜ್ಞಾನದ ಧರ್ಮ.

ಆದಕಾರಣ ಶಿಕ್ಷಕ ಬಂಧುಗಳು ಆ ಪಾಠವನ್ನು ಕೊನೆಯವರೆಗೆ, ತಿಳಿಗನ್ನಡದಲ್ಲಿ ಬೋಧಿಸಲಿ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಬಂದು ಅದಕ್ಕೆ ತಮ್ಮ ಅನುಭವವನ್ನು ಕೂಡಿಸಲಿ. ದಾನಿಗಳು ಮತ್ತೊಂದು ಮಹಾದ್ವಾರಕ್ಕೆ ಮುನ್ನ ನೀರು, ಸಾಬೂನುಗಳುಳ್ಳ ಶೌಚಾಲಯಗಳ ನಿರ್ವಹಣೆಗೆ ಕಾಯಂ ನಿಧಿಯನ್ನು ಇಡಲಿ. ದ್ವಾರದ ಮೇಲೆ ದಾನಿಯ ಹೆಸರು ಉಳಿದೀತು. ಶೌಚಾಲಯದಿಂದ ಮಕ್ಕಳ ಆರೋಗ್ಯ ಉಳಿಯುತ್ತದೆ.