ರಾತ್ರಿ ಹಾರಾಟಕ್ಕೆ ಅಪ್ಪನ ಥರ್ಮಾಮೀಟರ್

ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ ಹೋಗುತ್ತಿದ್ದೆ. ಚನ್ನರಾಯಪಟ್ಟಣದ ದೀಪ ಕಂಡರೆ ಮುಕ್ಕಾಲು ದಾರಿ ಮುಗೀತು ಅಂತ ಲೆಕ್ಕ. ಆಮೇಲೆ ಕತ್ತಲೆ. ಮತ್ತೆ ಒಂದಷ್ಟು ದೀಪ, ಅದು ಹೊಳೆನರಸೀಪುರ. ಮತ್ತೆ ಕತ್ತಲೆ. ಕೊನೆಗೆ ಅರಕಲಗೂಡು. ನಿದ್ದೆಗಣ್ಣಲ್ಲೂ ದೀಪದ ಗುಂಪು ನೋಡಿಯೇ ಯಾವ ಊರು ಅಂತ ಹೇಳುತ್ತಿದ್ದೆ.

ಈ ಲೆಕ್ಕ ವರ್ಷಗಳ ನಂತರ ಟೆಕ್ಸಸ್‌ನಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಕೆಲಸದ ಮೇಲೆ ಅಮೆರಿಕಕ್ಕೆ ಬಂದವನು ಎರಡು ವರ್ಷದ ಹಿಂದೆ ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಸೇರಿಕೊಂಡೆ. ಇಲ್ಲಿ ಅದಕ್ಕೆ ಕನಿಷ್ಠ 40 ಗಂಟೆ ಹಾರಿರಬೇಕು. ಅದರಲ್ಲಿ 3 ಗಂಟೆ ರಾತ್ರಿ ತರಬೇತಿ ಕಡ್ಡಾಯ. ರಾತ್ರಿ 10 ಸಲ ಹಾರಿಸಿ, 10 ಸಲ ಪೂರ್ತಿ ನಿಲ್ಲುವವರೆಗೆ ಇಳಿಸಬೇಕು. ಜೊತೆಗೆ ಒಟ್ಟು 100 ನಾಟಿಕಲ್ ಮೈಲಿ, ಅಂದ್ರೆ ಸುಮಾರು 185 ಕಿ.ಮೀ.ಗಿಂತ ಹೆಚ್ಚು ದೂರದ ಒಂದು ಪ್ರಯಾಣ. ನಮ್ಮ ದೇಶದಲ್ಲಿ ಬರೀ ಕಣ್ಣಿನ ಆಧಾರದ ಮೇಲೆ ಹಾರುವ ವಿಮಾನಕ್ಕೆ ಸೂರ್ಯ ಮುಳುಗಿದ ಮೇಲೆ ಸಾಮಾನ್ಯವಾಗಿ ಅವಕಾಶವೇ ಇಲ್ಲ. ಇಲ್ಲಿ ಇದೆ. ಹಾಗಾಗಿ ಇದು ಸುಲಭ ಇರಬೇಕು ಅಂದುಕೊಂಡಿದ್ದೆ.

ಮೊದಲ ರಾತ್ರಿ ಕಲಿತದ್ದು ಕಣ್ಣಿನ ಬಗ್ಗೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಸುಮಾರು 30 ನಿಮಿಷ ಬೇಕು. ನಡುವೆ ಒಂದು ಸಲ ಫೋನ್ ತೆಗೆದು ಮೆಸೇಜ್ ನೋಡಿದಿರೋ, ಮತ್ತೆ ಮೊದಲಿಂದ ಶುರು. ಅದಕ್ಕೇ ಕಾಕ್‌ಪಿಟ್‌ನಲ್ಲಿ ಮಂದ ಬೆಳಕಿನ ಟಾರ್ಚ್. ಇನ್ನೊಂದು ವಿಚಿತ್ರ: ಕಣ್ಣಿನ ನಟ್ಟನಡುವೆ ಕತ್ತಲಲ್ಲಿ ಕೆಲಸ ಮಾಡುವ ಕೋಶಗಳಿಲ್ಲ. ಮಸುಕಾದ ವಸ್ತುವನ್ನು ನೇರ ದಿಟ್ಟಿಸಿದರೆ ಅದು ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತೆ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಪಂಪ್‌ಸೆಟ್ ಆನ್ ಮಾಡೋಕೆ ಗದ್ದೆಗೆ ಹೋಗುತ್ತಿದ್ದ ನಮ್ಮಪ್ಪ "ಬದೂನ ನೆಟ್ಟಗೆ ನೋಡ್ಬೇಡ, ಓರೆಯಾಗ್ ನೋಡು" ಅನ್ನುತ್ತಿದ್ದರು. ಆಗ ತಮಾಷೆ ಅನ್ನಿಸಿತ್ತು.

ಎರಡನೇ ಪಾಠ ಸ್ವಲ್ಪ ಭಯದ್ದು. ಚಂದ್ರ ಇಲ್ಲದ ರಾತ್ರಿ, ಕೆಳಗೆ ಒಂದೂ ದೀಪವಿಲ್ಲದ ಬಯಲು. ಇನ್‌ಸ್ಟ್ರಕ್ಟರ್ "ಕಣ್ಣು ಮುಚ್ಚಿ ತಲೆ ತಗ್ಗಿಸು. ವಿಮಾನ ಏನು ಮಾಡ್ತಿದೆ ಹೇಳು" ಅಂದರು. "ನೇರ ಹೋಗ್ತಿದೆ" ಅಂದೆ, ಪೂರ್ತಿ ಧೈರ್ಯದಿಂದ. ಕಣ್ಣು ಬಿಟ್ಟರೆ ವಿಮಾನ ಎಡಕ್ಕೆ 30 ಡಿಗ್ರಿ ವಾಲಿಕೊಂಡು ಕೆಳಗಿಳಿಯುತ್ತಿದೆ!

ಕಾರಣ ಕಿವಿಯೊಳಗಿದೆ. ಅಲ್ಲಿನ ಸಣ್ಣ ಕೊಳವೆಗಳಲ್ಲಿರುವ ದ್ರವ ಅಲುಗಾಡಿದಾಗ ನಾವು ತಿರುಗುತ್ತಿದ್ದೇವೆ ಅಂತ ಮೆದುಳಿಗೆ ಗೊತ್ತಾಗುತ್ತೆ. ಒಂದೇ ಸಮನೆ ನಿಧಾನವಾಗಿ ತಿರುಗುತ್ತಿದ್ದರೆ ಸುಮಾರು 20 ಸೆಕೆಂಡಲ್ಲಿ ಆ ದ್ರವವೂ ಜೊತೆಗೇ ತಿರುಗೋಕೆ ಶುರು ಮಾಡುತ್ತೆ. ಆಮೇಲೆ ಮೈಗೆ "ನೇರ ಇದ್ದೀನಿ" ಅನ್ನಿಸುತ್ತೆ. ಹಗಲಲ್ಲಾದರೆ ದಿಗಂತ ನೋಡಿ ಸರಿಪಡಿಸಿಕೊಳ್ಳಬಹುದು. ಕಗ್ಗತ್ತಲಲ್ಲಿ ದಿಗಂತವೇ ಇಲ್ಲ. 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನಡಿ ಜೂನಿಯರ್ ಹೆಂಡತಿ ಮತ್ತು ಆಕೆಯ ಅಕ್ಕನನ್ನು ಕೂರಿಸಿಕೊಂಡು ಹಾರಿಸುತ್ತಿದ್ದ ಸಣ್ಣ ವಿಮಾನ ಸಮುದ್ರಕ್ಕೆ ಬಿದ್ದು ಮೂವರೂ ತೀರಿಕೊಂಡರು. ಕತ್ತಲು ಮತ್ತು ಮಬ್ಬಿನಲ್ಲಿ ದಿಕ್ಕಿನ ಅರಿವು ತಪ್ಪಿ ವಿಮಾನ ಹತೋಟಿ ಮೀರಿತು ಅಂತ ತನಿಖೆ ಹೇಳಿತು.

ಇಳಿಸುವಾಗಲೂ ಇದೇ ಕಥೆ. ಸುತ್ತಲೂ ಕತ್ತಲು, ನಡುವೆ ರನ್‌ವೇ ದೀಪ ಮಾತ್ರ ಇದ್ದರೆ ನಾವು ಇರೋದಕ್ಕಿಂತ ಎತ್ತರದಲ್ಲಿದ್ದೇವೆ ಅನ್ನಿಸಿ ತೀರಾ ಕೆಳಗಿಳಿದುಬಿಡ್ತೀವಿ. ಪೈಲಟ್‌ಗಳು ಇದನ್ನು 'ಬ್ಲ್ಯಾಕ್ ಹೋಲ್' ಅಂತಾರೆ. ರನ್‌ವೇ ಪಕ್ಕದಲ್ಲಿ ನಾಲ್ಕು ದೀಪ ಇರುತ್ತೆ: ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿ, ನಾಲ್ಕೂ ಕೆಂಪು ಅಂದ್ರೆ ತೀರಾ ಕೆಳಗಿದ್ದೀರಿ. ಒಂದು ಸಲ ನಾನು ಬಹಳ ಚೆನ್ನಾಗಿ ಇಳಿಸ್ತಿದ್ದೀನಿ ಅಂದುಕೊಂಡಿದ್ದೆ. ಇನ್‌ಸ್ಟ್ರಕ್ಟರ್ ಕೇಳಿದ್ದು ಒಂದೇ, "ಬಣ್ಣ ಏನು?" ನಾಲ್ಕೂ ಕೆಂಪು.

ಆ ರಾತ್ರಿ ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಹೇಳಿದ್ದು: "ಅದೇ ಬ್ಯಾರನ್ ಕಥೆ ಕಣಪ್ಪ."

ನಮ್ಮದು ಅರಕಲಗೂಡು ತಾಲ್ಲೂಕು, ರಾಮನಾಥಪುರದ ಕಡೆ. ಹೊಗೆಸೊಪ್ಪು ಬೆಳೆಯುವವರು. ಮಳೆಗಾಲದಲ್ಲಿ ಸೊಪ್ಪು ಮುರಿದು, ಬ್ಯಾರನ್‌ಗೆ ತುಂಬಿ, ಸೌದೆ ಬೆಂಕಿ ಹಾಕಿ ನಾಲ್ಕೈದು ದಿನ ಹಗಲೂ ರಾತ್ರಿ ಬೇಯಿಸಬೇಕು. ಶಾಖ ಹಂತಹಂತವಾಗಿ ಏರಬೇಕು. ಜಾಸ್ತಿಯಾದರೆ ಸೊಪ್ಪು ಕಪ್ಪಾಗುತ್ತೆ, ಒಣಗಿದ ಸೊಪ್ಪು ಕಾದ ಪೈಪಿನ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತೆ. ನಮ್ಮ ಚಿಕ್ಕಪ್ಪ ಅನುಭವಸ್ಥ. ಗೋಡೆ ಮುಟ್ಟಿಯೇ ಶಾಖ ಹೇಳ್ತೀನಿ ಅನ್ನುವವರು. ಒಂದು ರಾತ್ರಿ ಹಾಗೇ ಗೋಡೆ ಮುಟ್ಟಿ, ಇನ್ನೆರಡು ಕೊರಡು ಒಟ್ಟಿ ಮಲಗಿದರು. ಬೆಳಗಾಗುವಷ್ಟರಲ್ಲಿ ಇಡೀ ಬ್ಯಾರನ್ ಬೂದಿ, ಆ ವರ್ಷದ ಸಾಲ ಹಾಗೇ ಉಳಿಯಿತು. ಅಂದಿನಿಂದ ಅಪ್ಪ ನನ್ನನ್ನು ಕಾವಲಿಗೆ ಕೂರಿಸುವಾಗಲೆಲ್ಲ ಒಂದೇ ಮಾತು: "ಕೈ ನಂಬ್ಬೇಡ, ಥರ್ಮಾಮೀಟ್ರು ನೋಡು."

ಹಾಸನದಲ್ಲಿ ಎಂಜಿನಿಯರಿಂಗ್ ಓದುವಾಗ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದ ದೊಡ್ಡ ಆಂಟೆನಾಗಳನ್ನು ನೋಡುತ್ತಿದ್ದೆ. 1982ರಿಂದ ಅಲ್ಲಿನವರು 36,000 ಕಿ.ಮೀ. ಮೇಲಿರುವ ಉಪಗ್ರಹಗಳನ್ನು ನಿಯಂತ್ರಿಸುತ್ತಿದ್ದಾರೆ. ಉಪಗ್ರಹ ಅವರ ಕಣ್ಣಿಗೆ ಕಾಣಲ್ಲ, ಕಾಣೋದು ಪರದೆ ಮೇಲಿನ ಅಂಕಿ ಮಾತ್ರ. ನಾನೂ ಆಫೀಸಿನಲ್ಲಿ ಸರ್ವರ್ ಕೆಟ್ಟರೆ ಲಾಗ್ ನೋಡದೆ ಊಹೆ ಮಾಡುವವರಿಗೆ ಬೈಯುತ್ತೇನೆ. ಆದರೆ ನನ್ನದೇ ಮೈ ಸುಳ್ಳು ಹೇಳಿದಾಗ ಅದನ್ನು ಬಿಟ್ಟು ಮೀಟರ್ ನಂಬೋದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ರಾತ್ರಿ ಆಕಾಶದಲ್ಲೇ.

ಲೈಸೆನ್ಸ್ ಬಂತು. ಕಳೆದ ವರ್ಷ ಅಪ್ಪ ಅಮ್ಮ ಬಂದರು. ದೀಪಾವಳಿ ಸಮಯ. "ರಾತ್ರಿ ಊರಿನ ದೀಪವನ್ನೆಲ್ಲ ಮೇಲಿಂದ ತೋರಿಸ್ತೀನಿ" ಅಂತ ಮಾತು ಕೊಟ್ಟಿದ್ದೆ. ಒಂದು ನಿಯಮ ಇದೆ: ರಾತ್ರಿ ಜನರನ್ನು ಕೂರಿಸಿಕೊಂಡು ಹೋಗಬೇಕಾದರೆ ಹಿಂದಿನ 90 ದಿನಗಳಲ್ಲಿ ರಾತ್ರಿಯೇ 3 ಸಲ ಹಾರಿಸಿ ಇಳಿಸಿರಬೇಕು. ನಾನು ಕೊನೆಯ ಸಲ ರಾತ್ರಿ ಹಾರಿದ್ದು ಜೂನ್‌ನಲ್ಲಿ. ಹಿಂದಿನ ಸಂಜೆ ಒಬ್ಬನೇ ಹೋಗಿ ಮೂರು ಸಲ ಇಳಿಸಿ ಬರೋಣ ಅಂದುಕೊಂಡರೆ ಮೋಡ ಕವಿದುಬಿಟ್ಟಿತು.

ಮರುದಿನ ಆಕಾಶ ತಿಳಿಯಾಗಿತ್ತು. ಅಮ್ಮ ರೇಷ್ಮೆ ಸೀರೆ ಉಟ್ಟು ತಯಾರು. ನಿಜ ಹೇಳ್ತೀನಿ, ಹೋಗಿಬಿಡೋಣ ಅನ್ನಿಸಿತು. ಅಷ್ಟು ಸಣ್ಣ ಏರ್‌ಪೋರ್ಟಲ್ಲಿ ಗೇಟ್ ಹತ್ತಿರ ನಿಂತು ಲಾಗ್‌ಬುಕ್ ಕೇಳುವವರಿಲ್ಲ. "ನಂಗೆ ಬರುತ್ತೆ" ಅನ್ನುವ ಧೈರ್ಯವೂ ಇತ್ತು. ಕಣ್ಣು ಮುಚ್ಚಿಕೊಂಡು "ನೇರ ಹೋಗ್ತಿದೆ" ಅಂದಾಗ ಇದ್ದದ್ದೂ ಇದೇ ಧೈರ್ಯ. ಅದು ನೆನಪಾದ ಮೇಲೆ ಬೂಟು ಬಿಚ್ಚಿ ಕೂತೆ. "ಇವತ್ತು ಆಗಲ್ಲಮ್ಮ" ಅಂದೆ. ಹೆಂಡತಿಗೆ ಸಿಟ್ಟು, ಅಮ್ಮನಿಗೆ ಬೇಜಾರು. ಅಪ್ಪ ಮಾತ್ರ, "ಬೆಂಕಿ ಹಾಕೋಕ್ ಮುಂಚೆ ಬ್ಯಾಡ ಅನ್ಬೋದು. ಹಾಕಿದ್ಮೇಲೆ ಅನ್ನಕ್ಕಾಗಲ್ಲ" ಅಂದು ಟಿವಿ ಹಾಕಿದರು.

ಎರಡು ದಿನ ಬಿಟ್ಟು ಹಗಲಲ್ಲೇ ಇಬ್ಬರನ್ನೂ ಹಾರಿಸಿದೆ. ಅಮ್ಮ ಕೆಳಗಿನ ಹೊಲ ನೋಡಿ "ಚನ್ನರಾಯಪಟ್ಟಣದ ಕಡೆ ಹಿಂಗೇ ಅಲ್ವಾ?" ಅಂದರು. ರಾತ್ರಿಯ ಮೂರು ಲ್ಯಾಂಡಿಂಗ್ ಮುಗಿಸುವ ಹೊತ್ತಿಗೆ ಅವರು ಊರಿಗೆ ವಾಪಸಾಗಿದ್ದರು. ಫೋನ್ ಮಾಡಿ ಹೇಳಿದೆ.

"ಬಣ್ಣ ನೋಡ್ಕಂಡ್ ಇಳಿಸಿದ್ಯಾ?" ಅಂದರು ಅಪ್ಪ.

"ಮೂರು ಸಲಾನೂ ಎರಡು ಬಿಳಿ, ಎರಡು ಕೆಂಪು ಅಪ್ಪ."

"ಸರಿ. ಮುಂದಿನ ಸಲ ಬಂದಾಗ ನಿಮ್ಮಮ್ಮನ್ನ ಕರ್ಕೊಂಡ್ ಹೋಗು."