ಪ್ರೊಸೆಸರ್ ಮಟ್ಟದ ಏರಿಕೆ ಮತ್ತು ಅಗ್ಗದ ಯಂತ್ರಗಳು

ಆಪರೇಟಿಂಗ್ ಸಿಸ್ಟಮ್ ಒಂದನ್ನು ಸಿದ್ಧಪಡಿಸುವವರು, ಅದರ ತಂತ್ರಾಂಶಗಳನ್ನು ಯಾವ ಪೀಳಿಗೆಯ ಪ್ರೊಸೆಸರ್‌ಗೆ ತಿಳಿಯುವ ಆದೇಶಗಳಲ್ಲಿ ಕಂಪೈಲ್ ಮಾಡಬೇಕೆಂಬುದನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕಾಗುತ್ತದೆ. 2003ರಲ್ಲಿ ಎಎಂಡಿಯ ಆಪ್ಟೆರಾನ್‌ನೊಂದಿಗೆ ಬಂದ 64 ಬಿಟ್ ಆದೇಶಗಳ ಗುಂಪು ಲಿನಕ್ಸ್ ವಿತರಣೆಗಳಿಗೆ ಬಹುಕಾಲ ತಳಮಟ್ಟವಾಗಿತ್ತು. 2020ರಲ್ಲಿ ಅದರ ಮೇಲೆ ವಿ2, ವಿ3, ವಿ4 ಎಂಬ ಮಟ್ಟಗಳನ್ನು ಗುರುತಿಸಲಾಯಿತು. ವಿ3ರಲ್ಲಿ ಸೇರಿರುವ ಎವಿಎಕ್ಸ್2 ಎಂಬ ಸೌಲಭ್ಯವು 32 ಬಿಟ್‌ನ ಎಂಟು ಪೂರ್ಣಾಂಕಗಳನ್ನು ಒಂದೇ ಆದೇಶದಲ್ಲಿ ಕೂಡಿಸಬಲ್ಲದು. ತಳಮಟ್ಟದಲ್ಲಿ ನಾಲ್ಕೇ ಸಾಧ್ಯ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 9ನೇ ಆವೃತ್ತಿ 2022ರಲ್ಲಿ ವಿ2ನ್ನು, 10ನೇ ಆವೃತ್ತಿ 2025ರಲ್ಲಿ ವಿ3ನ್ನು ಕಡ್ಡಾಯಗೊಳಿಸಿದವು.

ಏರಿಕೆಯನ್ನು ಬೆಂಬಲಿಸುವವರು ಮುಂದಿಡುವುದು ವಯಸ್ಸಿನ ಲೆಕ್ಕವನ್ನು: 2013ರ ಹ್ಯಾಸ್ವೆಲ್ ಪ್ರೊಸೆಸರ್‌ಗಳಲ್ಲೇ ವಿ3 ಬಂದಿರುವಾಗ, ಅದಿಲ್ಲದ ಯಂತ್ರ ಗುಜರಿಗೆ ಹೋಗಬೇಕಾದದ್ದೇ ಎಂಬುದು ಅವರ ಧೋರಣೆ. ಈ ಲೆಕ್ಕ ಅರ್ಧ ಸತ್ಯ. ಕೋರ್ ಸರಣಿಗೆ ಕೊಟ್ಟ ಎವಿಎಕ್ಸ್2ನ್ನು ಇಂಟೆಲ್ ಅಗ್ಗದ ಪೆಂಟಿಯಮ್, ಸೆಲೆರಾನ್‌ಗಳಿಗೆ ವರ್ಷಗಟ್ಟಲೆ ಕೊಡಲಿಲ್ಲ. 2020ರಲ್ಲಿ ಮಾರುಕಟ್ಟೆಗೆ ಬಂದ ಪೆಂಟಿಯಮ್ ಗೋಲ್ಡ್ ಜಿ6400ರಲ್ಲೂ ಅದಿಲ್ಲ. ಆದ್ದರಿಂದ ವಿ3 ಎಳೆಯುವ ಗೆರೆ ಹಳತು–ಹೊಸತರ ನಡುವೆ ಮಾತ್ರವಲ್ಲ, ದುಬಾರಿ–ಅಗ್ಗದ ನಡುವೆಯೂ ಹಾಯುತ್ತದೆ. ಪಹಣಿ ತೆಗೆದುಕೊಡುವ, ಜಾತಿ–ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ತುಂಬಿಕೊಡುವ ಕಮಲಾಪುರದ ಆನ್‌ಲೈನ್ ಸೆಂಟರ್ ಒಂದು ಕಡಿಮೆ ಬೆಲೆಯೆಂದು ಅಂಥ ಡೆಸ್ಕ್‌ಟಾಪ್ ಕೊಂಡಿದ್ದರೆ, ಅದರ ಯಂತ್ರ ಕೆಡದೆಯೇ ಹಳತಾಗುತ್ತದೆ.

ಗಳಿಕೆಯಾದರೂ ಎಷ್ಟು? ಉಬುಂಟು 25.10ರಲ್ಲಿ ವಿ3 ಪ್ಯಾಕೇಜುಗಳನ್ನು ಪರಿಚಯಿಸಿದ ಕ್ಯಾನೊನಿಕಲ್ ಸಂಸ್ಥೆಯೇ, ಬಹುತೇಕ ಪ್ಯಾಕೇಜುಗಳ ವೇಗ ಶೇ. 1ರ ಆಸುಪಾಸು ಮಾತ್ರ ಹೆಚ್ಚುತ್ತದೆಂದು ಹೇಳಿತು. ಅಂಕಗಣಿತದ ಭಾರವಿರುವ ಕಡೆ ಲಾಭ ದೊಡ್ಡದೆಂಬುದು ನಿಜ. ಆದರೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥಲ್ಲಿ ಸಂಶೋಧಕರೊಬ್ಬರು ನಮ್‌ಪೈ, ಓಪನ್‌ಬ್ಲಾಸ್ ಬಳಸಿದರೆ ಆ ಲೈಬ್ರರಿಗಳು ಪ್ರೊಸೆಸರ್ ಯಾವುದೆಂದು ತಾವೇ ನೋಡಿ ತಕ್ಕ ಆದೇಶಗಳನ್ನು ಆರಿಸಿಕೊಳ್ಳುತ್ತವೆ. ಹೆಚ್ಚು ಫಲ ಸಿಗುವ ಜಾಗದಲ್ಲಿ ಕೊಯ್ಲು ಆಗಲೇ ಮುಗಿದಿದೆ.

ಪೂರ್ವನಿಗದಿ ಮಟ್ಟ ಬೇರೆ, ಕನಿಷ್ಠ ಅರ್ಹತೆ ಬೇರೆ. ಮೊದಲನೆಯದನ್ನು ಏರಿಸಲು ಎರಡನೆಯದನ್ನೂ ಏರಿಸಬೇಕಾಗಿಲ್ಲ. ಉಬುಂಟು ತಳಮಟ್ಟದ ಪ್ಯಾಕೇಜುಗಳನ್ನು ಉಳಿಸಿಕೊಂಡು ವಿ3ನ್ನು ಪಕ್ಕದಲ್ಲಿಟ್ಟಿತು. ಆಲ್ಮಾಲಿನಕ್ಸ್ 10 ವಿ3ರ ಜೊತೆಗೆ ವಿ2ಕ್ಕೂ ಪ್ರತ್ಯೇಕ ಆವೃತ್ತಿ ಹೊರತಂದಿತು. ಎಲ್ಲವನ್ನೂ ಎರಡು ಸಲ ಕಂಪೈಲ್ ಮಾಡಿ ಪರೀಕ್ಷಿಸುವ ಖರ್ಚು ಸಣ್ಣದಲ್ಲ, ಆದರೂ ಅದು ವಿತರಕರು ಒಂದೆಡೆ ಭರಿಸುವ ಖರ್ಚು. ಕನಿಷ್ಠವನ್ನೇ ಏರಿಸಿದರೆ ಆ ಹೊರೆ ಹೊಸ ಯಂತ್ರ ಕೊಳ್ಳಬೇಕಾದ ಪ್ರತಿಯೊಬ್ಬರ ಮೇಲೆ ಬೀಳುತ್ತದೆ.

ಇಬ್ಬಗೆಯ ವ್ಯವಸ್ಥೆಗೂ ಒಂದು ತೊಡಕಿದೆ. ಕಲಬುರಗಿಯ ರಿಪೇರಿ ಅಂಗಡಿಯಲ್ಲಿ ಮದರ್‌ಬೋರ್ಡ್ ಸುಟ್ಟ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ, ಕೈಗೆ ಸಿಕ್ಕ ಹಳೆಯ ಯಂತ್ರಕ್ಕೆ ಜೋಡಿಸಿದಾಗ, ವಿ3ಕ್ಕೆಂದು ಸ್ಥಾಪಿಸಿದ ವ್ಯವಸ್ಥೆಯಲ್ಲಿ ಕರ್ನೆಲ್ ಏಳುತ್ತದೆ. ಅದರ ಬೆನ್ನಿಗೇ ಆರಂಭವಾಗಬೇಕಾದ ಪ್ರೋಗ್ರಾಮ್ ತನಗೆ ತಕ್ಕ ಆದೇಶಗಳು ಪ್ರೊಸೆಸರ್‌ನಲ್ಲಿ ಇಲ್ಲದೆ ನಿಂತುಬಿಡುತ್ತದೆ. ಆದ್ದರಿಂದ ಇನ್‌ಸ್ಟಾಲರ್ ವಿ3ನ್ನು ತಾನಾಗಿ ಹೇರದೆ ಬಳಕೆದಾರರನ್ನು ಕೇಳಿ ಹಾಕುವುದೂ, ತಳಮಟ್ಟದ ಪ್ಯಾಕೇಜುಗಳಿಗೆ ಹಿಂದಿರುಗುವ ದಾರಿಯನ್ನು ಪೆನ್‌ಡ್ರೈವ್‌ನಲ್ಲಿ ಕೊಡುವುದೂ ವಿತರಕರ ಹೊಣೆಯೇ ಆಗಬೇಕು.