ಸೌದೆಗೆ ಹೋಗಬಹುದು, ಶಿಬಿರಕ್ಕೆ ಹೋಗಬಾರದಾ?

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಗೆ ಅರಣ್ಯ ಶಿಬಿರದ ಕರೆ ಬಂತು. ಒಂದು ರಾತ್ರಿ ಕಾಡಂಚಿನಲ್ಲಿ ತಂಗುವುದು, ಬೆಳಿಗ್ಗೆ ಕಾಡಲ್ಲಿ ನಡೆಯುವುದು. ಹೆಸರು ಕೊಟ್ಟೆ. ಅಪ್ಪ ಒಪ್ಪಲಿಲ್ಲ. "ಬ್ಯಾಡ ಕಣವ್ವ. ಹೆಣ್ಮಗ, ಕಾಡು, ರಾತ್ರಿ ಹೊತ್ತು" ಅಂದರು. ಮೇಷ್ಟ್ರಿಗೂ ಅದೇ ಬೇಕಿತ್ತು. ಹುಡುಗಿಯರು ಬಂದರೆ ಜೊತೆಗೊಬ್ಬ ಟೀಚರಮ್ಮನನ್ನು ಹೊಂದಿಸಬೇಕು, ಶೌಚಾಲಯ ಇದೆಯಾ ನೋಡಬೇಕು. ಬಸ್ಸು ಹುಡುಗರನ್ನು ತುಂಬಿಕೊಂಡು ಹೋಯಿತು.

ಮಾರನೇ ದಿನ ಇನ್ನೂ ಬೆಳಕು ಹರಿಯುವ ಮುಂಚೆ ಅವ್ವ ಎಬ್ಬಿಸಿದಳು. ಮಚ್ಚು, ಹಗ್ಗ ಹಿಡಿದು ಇಬ್ಬರೂ ಅದೇ ಕಾಡಂಚಿಗೆ ಸೌದೆಗೆ ಹೋದೆವು. ಅವತ್ತು ಮನೆಯಲ್ಲಿ ಯಾರಿಗೂ ಭಯ ಆಗಲಿಲ್ಲ.

ಈಗ ಗ್ಯಾಸ್ ಬಂದಿದೆಯಲ್ಲ ಅನ್ನಬಹುದು. ಬಂದಿದೆ, ಸಿಲಿಂಡರ್ ಮೂಲೆಯಲ್ಲಿದೆ. ಸ್ನಾನದ ನೀರು ಕಾಯೋದು ಸೌದೆಯಲ್ಲೇ. ಆ ಸೌದೆ ತರೋರು ಯಾರು, ಮೇಕೆ ಹಿಂದೆ ಹೋಗೋರು ಯಾರು, ನೀವೇ ಲೆಕ್ಕ ಹಾಕಿ.

2023ರ ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಅವು ಓಡಾಡುವ ಹಾದಿಯಲ್ಲೇ ನಮ್ಮ ಹುಡುಗಿಯರೂ ಓಡಾಡುತ್ತಾರೆ. ಮರಿಯಿರುವ ಆನೆ ಎದುರಾದರೆ ಏನು ಮಾಡಬೇಕು, ಬಗ್ಗಿ ಸೌದೆ ಆಯುವವರನ್ನು ಕಂಡರೆ ಚಿರತೆ ಯಾಕೆ ಧೈರ್ಯ ಮಾಡುತ್ತೆ, ಗುಂಪಾಗಿ ಮಾತಾಡುತ್ತಾ ನಡೆದರೆ ಯಾಕೆ ಒಳ್ಳೇದು ಅನ್ನೋದು ಯಾರಿಗೆ ಮೊದಲು ಗೊತ್ತಾಗಬೇಕು? ಕೊಳಕುಮಂಡಲ ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ನಾಟಿ ಮದ್ದು ಹುಡುಕುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು. 2024ರಲ್ಲಿ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಳೆ ಕೀಳುವ ಹೆಂಗಸಿಗೆ ಇದನ್ನು ಯಾರೂ ಹೇಳಿಲ್ಲ.

ಶಾಲೆಯಲ್ಲಿ ನಡೆಯೋದೇನು? ಜೂನ್ 5ಕ್ಕೆ ಒಂದು ಸಸಿ, ಒಂದು ಫೋಟೋ. ವನ್ಯಜೀವಿ ಸಪ್ತಾಹಕ್ಕೆ ಚಿತ್ರ ಬಿಡಿಸುವ ಸ್ಪರ್ಧೆ. ಹುಲಿಗೆ ಹಳದಿ ಬಣ್ಣ ಬಳಿದು ಬಹುಮಾನ ತಗೊಂಡ ಹುಡುಗಿಗೆ ಹುಲಿ ಹೆಜ್ಜೆಗೂ ನಾಯಿ ಹೆಜ್ಜೆಗೂ ವ್ಯತ್ಯಾಸ ಗೊತ್ತಿಲ್ಲ. (ಹುಲಿಯದರಲ್ಲಿ ಉಗುರಿನ ಗುರುತು ಬೀಳಲ್ಲ. ನನಗೂ ಇದು ಗೊತ್ತಾಗಿದ್ದು ಡಿಗ್ರಿ ಮುಗಿದ ಮೇಲೆ.)

ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕ ವಯಸ್ಸಲ್ಲೇ ತಾಯಿಯ ಜೊತೆ ನರ್ಸರಿ ಕೂಲಿಗೆ ಹೋಗಿ, ಯಾವ ತಾಯಿಮರದ ಬೀಜ ಒಳ್ಳೇದು ಅಂತ ಗುರುತಿಸೋದು ಕಲಿತರು. ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಕೂಲಿಗೆ ಕಾಡಿಗೆ ಹೋಗುವಾಗ 'ಹೆಣ್ಮಗ, ಬ್ಯಾಡ' ಅಂತ ಅವರನ್ನು ತಡೆದವರಿದ್ದರಾ? ನಮ್ಮಲ್ಲಿ ಹೆಣ್ಣಿಗೆ ದುಡಿಯೋಕೆ ಕಾಡು ಬಾಗಿಲು ತೆರೆದೇ ಇರುತ್ತೆ, ಕಲಿಯೋಕೆ ಹೊರಟಾಗ ಮಾತ್ರ ಮುಚ್ಚುತ್ತೆ.

ಟೀಚರಮ್ಮ ಇಲ್ಲ, ಶೌಚಾಲಯ ಇಲ್ಲ ಅನ್ನೋದು ನಿಜವಾದ ತೊಂದರೆಗಳೇ. ಅದಕ್ಕೆ ಹುಡುಗಿಯರ ಹೆಸರು ಹೊಡೆದು ಹಾಕೋದು ಪರಿಹಾರವಾ? ಅಂಗನವಾಡಿ ಅಕ್ಕ, ಆಶಾ ಅಕ್ಕ, ಒಬ್ಬ ಹುಡುಗಿಯ ಅವ್ವ ಜೊತೆಗೆ ಹೋಗಬಹುದು. ರಾತ್ರಿ ಆಗಲ್ಲ ಅಂದರೆ ಬೆಳಿಗ್ಗೆ ಹೋಗಿ ಸಂಜೆ ಬರಲಿ. ಇಲಾಖೆಯಲ್ಲಿ ಗಸ್ತು ಅರಣ್ಯ ಪಾಲಕಿಯರಿದ್ದಾರೆ, ಅವರನ್ನೇ ಮುಂದೆ ನಡೆಸಿ. ಆ ಖಾಕಿ ಹಾಕಿದ ಅಕ್ಕನನ್ನು ನೋಡಿದರೆ ನಾಲ್ಕು ಹುಡುಗಿಯರಿಗೆ ಆ ಕೆಲಸದ ಆಸೆಯೂ ಹುಟ್ಟುತ್ತೆ.

ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನ ಸರ್ಕಾರಿ ಶಾಲೆ ಮಕ್ಕಳಿಗೆಂದೇ ಇದೆ. ಸ್ಕೌಟ್ಸ್ ಜೊತೆ ಗೈಡ್ಸ್ ಕೂಡ ಇದೆ, ಎಷ್ಟೋ ಶಾಲೆಗಳಲ್ಲಿ ಹೆಸರಿಗೆ ಮಾತ್ರ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಹೋದ ವರ್ಷ ಶಿಬಿರಕ್ಕೆ ಹೋದವರ ಪಟ್ಟಿ ಕೇಳಿ. ಹುಡುಗಿಯರ ಹೆಸರು ಎಣಿಸಿ ನಮಗೆ ಬರೆದು ಕಳಿಸಿ. ನಮ್ಮೂರ ಪಟ್ಟಿ ನಾನು ಕೇಳಿದ್ದೇನೆ, "ನಾಳೆ ಬಾ" ಅಂದಿದ್ದಾರೆ. ನಾಳೆ ಹೋಗ್ತೀನಿ.